ಹಳದಿ ಜೆರ್ಸಿಯ ಜೈವೀರ್

ಕರಾವಳಿಯಿಂದ ದೆಹಲಿಗೆ ರೈಲು ಹತ್ತಿದ ನನ್ನ ವಯಸ್ಸಿನವರಲ್ಲಿ ಹೆಚ್ಚಿನವರು ಹೋಟೆಲಿಗೆ ಬಂದರು. ನಾನು ವಾಲಿಬಾಲಿಗೆ ಬಂದೆ. ಒಂದು ಸರ್ಕಾರಿ ಉದ್ದಿಮೆಗೆ ತನ್ನ ತಂಡಕ್ಕೊಬ್ಬ ಸೆಟ್ಟರ್, ಅಂದರೆ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು, ಬೇಕಾಗಿದ್ದ. ಅದಕ್ಕಾಗಿ ನನಗೆ ಗುಮಾಸ್ತನ ಹುದ್ದೆ ಕೊಟ್ಟರು. ಬೆಳಿಗ್ಗೆ ಕಚೇರಿಯ ಪುಸ್ತಕದಲ್ಲಿ ಸಹಿ, ಮಧ್ಯಾಹ್ನದಿಂದ ಮೈದಾನ. ನೇಮಕದ ಪತ್ರವನ್ನು ಅಪ್ಪ ಎರಡು ಸಲ ಓದಿಸಿಕೊಂಡು, "ಸಂಬ್ಳ ಸರಿ. ಕೆಲ್ಸ ಎಂತದು?" ಎಂದು ಕೇಳಿದ್ದರು. ಆಡುವುದೇ ಕೆಲಸ ಎಂದು ಅವರಿಗೆ ಕೊನೆಯವರೆಗೂ ಮನದಟ್ಟು ಮಾಡಿಸಲು ನನ್ನಿಂದ ಆಗಲಿಲ್ಲ.

ಈಗ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ಜನಕಪುರಿಯ ನಮ್ಮ ಮನೆಗೆ ಬಂದು ಸಲಹೆ ಕೇಳುತ್ತಾರೆ. ಅವರಿಗೆ ಗೆದ್ದ ಕಪ್ಪುಗಳ ಕಥೆ ಹೇಳಿ ಪ್ರಯೋಜನವಿಲ್ಲ. ಆಡುವುದನ್ನು ಬಿಟ್ಟು ತಂಡದ ಮ್ಯಾನೇಜರ್ ಆದ ಮೇಲೆ ನಾನು ಮಾಡಿದ ತಪ್ಪುಗಳು ಅವರಿಗೆ ಹೆಚ್ಚು ಉಪಯೋಗಕ್ಕೆ ಬಂದಾವು. ಅದರಲ್ಲೂ ಜೈವೀರನ ವಿಷಯದಲ್ಲಿ ಮಾಡಿದವು.

ನಾನು ಮ್ಯಾನೇಜರ್ ಆದದ್ದು ಎರಡು ಸಾವಿರದ ಇಸವಿ ಆಗಷ್ಟೇ ದಾಟಿದ್ದಾಗ. ಆಟದ ನಿಯಮ ಬದಲಾಗಿ ಹೆಚ್ಚು ದಿನವಾಗಿರಲಿಲ್ಲ. ನಮ್ಮ ಕಾಲದಲ್ಲಿ ಸರ್ವ್ ಮಾಡಿದ ತಂಡಕ್ಕೆ ಮಾತ್ರ ಪಾಯಿಂಟ್ ಸಿಗುತ್ತಿತ್ತು. ಸರ್ವ್ ಹೊರಗೆ ಹೋದರೆ ಸರದಿ ಕೈತಪ್ಪುತ್ತಿತ್ತು, ಅಷ್ಟೆ. ಹೊಸ ನಿಯಮದಲ್ಲಿ ಚೆಂಡು ಯಾರ ಕಡೆ ಸತ್ತರೂ ಎದುರಿನವರಿಗೆ ಪಾಯಿಂಟ್. ನಾನು ಹಳೆಯ ಅಭ್ಯಾಸದಂತೆ ಮೊದಲ ಸೀಸನ್ನಿನಲ್ಲಿ "ಜೋರಾಗಿ ಸರ್ವ್ ಮಾಡಿ, ಹೋದರೆ ಹೋಗಲಿ" ಎನ್ನುತ್ತಿದ್ದೆ. ಹೋಗುತ್ತಿದ್ದದ್ದು ಪಾಯಿಂಟ್. ಮೂರು ಪಂದ್ಯ ಸೋತ ಮೇಲೆ ಮನೆಯಲ್ಲಿ ಕೂತು ಡೈರಿಯ ಲೆಕ್ಕ ನೋಡಿದೆ. ಸೋತ ಪಾಯಿಂಟುಗಳಲ್ಲಿ ದೊಡ್ಡ ಪಾಲು ನಾವೇ ಕೈಯಾರೆ ಕೊಟ್ಟದ್ದು. ಪ್ರತಿ ಪಂದ್ಯದಲ್ಲಿ ಯಾರು ಎಷ್ಟು ಚೆಂಡು ಸರಿಯಾಗಿ ತೆಗೆದರು, ಎಷ್ಟು ಕೆಡಿಸಿದರು ಎಂದು ಗೆರೆ ಎಳೆದು ಬರೆದಿಡುವುದು ಸೆಟ್ಟರ್ ಆಗಿದ್ದಾಗಿನಿಂದ ನನ್ನ ರೂಢಿ. ನಿಮ್ಮ ಕಣ್ಣನ್ನು ನಂಬಬೇಡಿ, ಗೆರೆಗಳನ್ನು ನಂಬಿ ಎಂದು ಈಗಲೂ ಹೇಳುತ್ತೇನೆ.

ಅದೇ ಹೊತ್ತಿಗೆ ಬಂದ ಇನ್ನೊಂದು ಹೊಸತು ಲಿಬೆರೊ. ತಂಡದಲ್ಲಿ ಒಬ್ಬನಿಗೆ ಬೇರೆ ಬಣ್ಣದ ಜೆರ್ಸಿ. ಅವನು ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಬೀಳದಂತೆ ನೋಡಿಕೊಳ್ಳಬೇಕು. ಸರ್ವ್ ಮಾಡುವಂತಿಲ್ಲ, ಬಲೆಯ ಹತ್ತಿರ ಹಾರಿ ತಡೆಯುವಂತಿಲ್ಲ, ಹೊಡೆದು ಪಾಯಿಂಟ್ ತರುವಂತಿಲ್ಲ. ಆದರೆ ಹಿಂದಿನ ಸಾಲಿನ ಯಾರ ಜಾಗಕ್ಕಾದರೂ ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಎಲ್ಲ ತಂಡಗಳೂ ಚುರುಕಾದ, ಗಿಡ್ಡನೆಯ ಆಟಗಾರನನ್ನು ಅಲ್ಲಿಗೆ ಹಾಕುತ್ತಿದ್ದವು.

ಜೈವೀರ್ ಗಿಡ್ಡನಲ್ಲ. ಸೋನಿಪತ್ ಕಡೆಯ ಹಳ್ಳಿಯವನು, ಬಾಗಿಲಲ್ಲಿ ತಲೆ ತಗ್ಗಿಸಿ ಬರುವ ಎತ್ತರ. ನಮ್ಮಲ್ಲಿ ಬಲೆಯ ಮುಂದೆ ಹಾರಿ ಹೊಡೆತ ತಡೆಯುವ ಬ್ಲಾಕರ್ ಆಗಿ ಮೂರು ವರ್ಷದ ಒಪ್ಪಂದದ ಮೇಲೆ ಆಡುತ್ತಿದ್ದ. ಹೆಂಡತಿ ಸುನೀತಾ ಮತ್ತು ಮಗಳೊಂದಿಗೆ ರೋಹಿಣಿಯಲ್ಲಿ ಬಾಡಿಗೆಗಿದ್ದ. ಒಪ್ಪಂದದ ಆಟಗಾರ ಕಾಯಂ ನೌಕರನಾಗಬೇಕಾದರೆ ಒಂದು ಷರತ್ತು ಇತ್ತು: ಆ ಮೂರು ವರ್ಷಗಳಲ್ಲಿ ಒಮ್ಮೆಯಾದರೂ ಅಖಿಲ ಭಾರತ ಅಂತರ-ಉದ್ದಿಮೆ ಟೂರ್ನಿಯ ಸೆಮಿಫೈನಲ್ ಅಥವಾ ಫೈನಲ್‌ನಲ್ಲಿ ಅವನು ಆಡಿರಬೇಕು. ಮೊದಲ ಎರಡು ವರ್ಷ ನಮ್ಮ ತಂಡ ಅಷ್ಟು ದೂರ ಹೋಗಲಿಲ್ಲ. ಮೂರನೆಯ ವರ್ಷ ಟೂರ್ನಿ ದೆಹಲಿಯಲ್ಲೇ ಇತ್ತು, ತಂಡವೂ ಚೆನ್ನಾಗಿತ್ತು. ಅಷ್ಟರಲ್ಲಿ ಅವನ ಬಲ ಮೊಣಕಾಲು ಕೈಕೊಟ್ಟಿತು.

"ಬಗ್ಗಿದರೆ ನೋವಾಗುತ್ತದೆ, ಹಾರಿ ಇಳಿದರೆ ಕಾಲೇ ಹೋಗುತ್ತದೆ," ಎಂದರು ವೈದ್ಯರು. ಹಾರಲಾಗದ ಬ್ಲಾಕರ್‌ಗೆ ತಂಡದಲ್ಲಿ ಏನು ಕೆಲಸ? ನಮ್ಮ ಕ್ರೀಡಾ ಅಧಿಕಾರಿ ಮಲ್ಹೋತ್ರಾ ಅವರೂ ಅದನ್ನೇ ಕೇಳಿದರು.

ಮಲ್ಹೋತ್ರಾ ಕೆಟ್ಟ ಮನುಷ್ಯರಲ್ಲ. ಒಂದು ಕಾಲದಲ್ಲಿ ಹಾಕಿ ಆಡಿದವರು. ಕಪ್ಪು ಬಾರದಿದ್ದರೆ ತಂಡವನ್ನೇ ಮುಚ್ಚುತ್ತಾರೆ ಎಂಬ ಭಯ ಅವರಿಗೆ ಯಾವಾಗಲೂ ಇತ್ತು, ಆ ಭಯ ಸುಳ್ಳೂ ಆಗಿರಲಿಲ್ಲ. ನನ್ನನ್ನು ಕಂಡಾಗಲೆಲ್ಲ, "ಶೆಟ್ಟಿ ಜೀ, ದೆಹಲಿಗೆ ಬಂದು ದೋಸೆ ಹಾಕದೆ ಬದುಕಿದ ಶೆಟ್ಟಿ ನೀವೊಬ್ಬರೇ ಇರಬೇಕು," ಎನ್ನುವುದು ಅವರ ನಮಸ್ಕಾರ. ಆ ದಿನ ನಮಸ್ಕಾರ ಇರಲಿಲ್ಲ.

"ಆ ಕಂಬವನ್ನು ಮನೆಗೆ ಕಳಿಸಿ. ಒಪ್ಪಂದ ಮುಗಿಯುವವರೆಗೆ ಸಂಬಳ ತಗೊಳ್ಳಲಿ, ಆಮೇಲೆ ಚಲೋ, ಹೊರಡಲಿ," ಎಂದರು.

"ಲಿಬೆರೊ ಮಾಡಿ ನೋಡ್ತೇನೆ ಸಾಬ್."

"ಆ ಕಂಬವನ್ನಾ?"

ನನ್ನ ಯೋಚನೆ ಸರಳವಾಗಿತ್ತು. ಹತ್ತು ವರ್ಷ ಬಲೆಯ ಮುಂದೆ ನಿಂತು ಎದುರಾಳಿಯ ಭುಜವನ್ನೇ ನೋಡುತ್ತ ಬಂದವನಿಗೆ ಚೆಂಡು ಎಲ್ಲಿಗೆ ಬರುತ್ತದೆ ಎಂದು ಬೇರೆಯವರಿಗಿಂತ ಮೊದಲೇ ಗೊತ್ತಾಗುತ್ತದೆ. ಮೊದಲೇ ಗೊತ್ತಾದವನು ಓಡಬೇಕಾಗಿಲ್ಲ.

ಜೈವೀರನಿಗೆ ಹೇಳಿದಾಗ ಅವಮಾನವಾಯಿತು. "ಗುರೂಜಿ, ಅದು ಗಿಡ್ಡರ ಕೆಲಸ. ಊರಲ್ಲಿ ಕೇಳಿದರೆ ಏನು ಹೇಳಲಿ? ಒಂದು ಪಾಯಿಂಟೂ ಹೊಡೆಯದ ಆಟಗಾರ ಅಂತಲೇ?"

"ಕಾಯಂ ನೌಕರ ಅಂತ ಹೇಳು."

ಮೊಣಕಾಲು ಉಜ್ಜಿಕೊಂಡ. "ಅಚ್ಛಾ. ಜೆರ್ಸಿ ಯಾವ ಬಣ್ಣ?"

ಹಳದಿ. ಅದನ್ನು ತೊಟ್ಟು ಅವನು ಮೈದಾನಕ್ಕೆ ಬಂದ ದಿನ ಉಳಿದವರು, "ಅರೇ, ಕರೆಂಟ್ ಕಂಬಕ್ಕೆ ಬಣ್ಣ ಹೊಡೆಸಿದ್ದಾರೆ!" ಎಂದು ಕೂಗಿದರು. ಎರಡು ತಿಂಗಳು ಬಿಡದೆ ಅಭ್ಯಾಸ ಮಾಡಿದ. ಕಾಲಿಗೆ ಪಟ್ಟಿ ಸುತ್ತಿ, ಸೊಂಟ ಬಗ್ಗಿಸಿ, ನಾನು ಸ್ಟೂಲಿನ ಮೇಲೆ ನಿಂತು ಹೊಡೆದ ನೂರಾರು ಚೆಂಡು ತೆಗೆದ. ಕೂಗು ತಾನಾಗಿ ನಿಂತಿತು. ನನ್ನ ಡೈರಿಯ ಗೆರೆಗಳ ಪ್ರಕಾರ ತಂಡದಲ್ಲಿ ಅತಿ ಕಡಿಮೆ ಚೆಂಡು ಕೆಡಿಸುತ್ತಿದ್ದವನು ಅವನೇ.

ಸೆಮಿಫೈನಲ್ ಬಂತು. ಇಲ್ಲಿ ನನ್ನ ಮೊದಲ ತಪ್ಪು.

ಪಂದ್ಯಕ್ಕೆ ಮುಂಚೆ ಮ್ಯಾನೇಜರ್ ಒಂದು ಚೀಟಿ ಕೊಡಬೇಕು. ಅಂಕಣದಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಎಂದು ಆರು ಚೌಕಗಳಲ್ಲಿ ಆರು ನಂಬರ್ ಬರೆದು ಸಹಿ ಹಾಕಬೇಕು. ಕೊಟ್ಟ ಮೇಲೆ ಅದೇ ಕಾನೂನು. ಆಡುತ್ತಿದ್ದಾಗ ಎಷ್ಟೋ ವರ್ಷ ನಮ್ಮ ಮ್ಯಾನೇಜರ ಪಕ್ಕದಲ್ಲಿ ಕೂತು ಆ ಚೀಟಿಯನ್ನು ನಾನೇ ಬರೆಯುತ್ತಿದ್ದೆ. ಕಣ್ಣು ಮುಚ್ಚಿ ಬರೆಯಬಲ್ಲೆ ಎಂಬ ಜಂಬ ಇತ್ತು. ಹೊಸ ಚೀಟಿಯಲ್ಲಿ ಲಿಬೆರೊಗೆ ಏಳನೆಯ ಚೌಕ ಬಂದಿತ್ತು. ಲೀಗ್ ಪಂದ್ಯಗಳಲ್ಲಿ ನನ್ನ ಸಹಾಯಕ ಅದನ್ನು ತುಂಬುತ್ತಿದ್ದ, ಅವನಿಗೆ ಆ ದಿನ ಜ್ವರ. ನಾನು ಆರು ನಂಬರ್ ಬರೆದೆ, ಸಹಿ ಹಾಕಿದೆ, ಕೊಟ್ಟೆ. ಬಹುಶಃ ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

ಪಂದ್ಯ ಶುರುವಾಗುತ್ತಿದ್ದಂತೆ ಜೈವೀರ್ ಅಂಕಣದ ಗೆರೆಯ ಕಡೆ ಹೆಜ್ಜೆ ಇಟ್ಟ. ಎರಡನೆಯ ರೆಫರಿ ಅಂಗೈ ಎತ್ತಿ ತಡೆದರು.

"ಕೋಚ್ ಸಾಬ್, ನಿಮ್ಮ ಚೀಟಿಯಲ್ಲಿ ಲಿಬೆರೊ ಇಲ್ಲ."

"ಇದ್ದಾನೆ, ಇಲ್ಲೇ ನಿಂತಿದ್ದಾನಲ್ಲ."

"ನಿಂತಿರೋದು ಕಾಣಿಸ್ತಿದೆ. ಚೀಟಿಯಲ್ಲಿ ಇಲ್ಲ." ಚೀಟಿ ತೋರಿಸಿದರು. ಏಳನೆಯ ಚೌಕ ಖಾಲಿ.

ಆ ಪಂದ್ಯವಿಡೀ ನಮಗೆ ಲಿಬೆರೊ ಇಲ್ಲವೆಂದಾಯಿತು. ಆಗ ಒಂದು ಹಳೆಯ ಉಪಾಯ ನೆನಪಾಯಿತು. ಇದು ನಮ್ಮ ವೃತ್ತಿಯ ರೂಢಿ, ಹೊರಗಿನವರಿಗೆ ಗೊತ್ತಿರುವುದಿಲ್ಲ. ಕಾಯಂ ಆಗಬೇಕಾದ ಆಟಗಾರ ಬೆಂಚಿನಲ್ಲಿದ್ದರೆ, ತಂಡ ಗೆಲ್ಲುವುದು ಖಚಿತವಾದಾಗ ಮ್ಯಾನೇಜರ್ ಅವನನ್ನು ಒಂದೇ ಒಂದು ಪಾಯಿಂಟಿಗೆ ಬದಲಿಯಾಗಿ ಒಳಗೆ ಕಳಿಸುತ್ತಾನೆ. ಸ್ಕೋರ್‌ಶೀಟಿನ ಬದಲಿ ಆಟಗಾರರ ಚೌಕದಲ್ಲಿ ಅವನ ನಂಬರ್ ಬಿದ್ದರೆ ಸಾಕು, ಆಡಿದಂತೆ. ಎದುರಾಳಿ ಮ್ಯಾನೇಜರೂ ನೋಡಿ ನಗುತ್ತಾನೆ, ಏಕೆಂದರೆ ನಾಳೆ ಅವನಿಗೂ ಅದೇ ಬೇಕು. ಆದರೆ ಬದಲಿಯಾಗಿ ಹೋಗಲು ತಂಡದ ನೀಲಿ ಜೆರ್ಸಿ ಬೇಕು. ಜೈವೀರನ ನೀಲಿ ಜೆರ್ಸಿ ಕಚೇರಿಯ ಸ್ಟೋರಿನಲ್ಲಿತ್ತು. ಬೇರೆಯವರದನ್ನು ತೊಟ್ಟರೆ ನಂಬರ್ ಬೇರೆಯಾಗುತ್ತಿತ್ತು. ಅವನು ಹಳದಿ ಜೆರ್ಸಿಯಲ್ಲೇ ಕೊನೆಯವರೆಗೂ ಬೆಂಚಿನ ಮೇಲೆ ಕೂತಿದ್ದ. ನಾವು ಗೆದ್ದೆವು. ಎಲ್ಲರೂ ಕುಣಿಯುತ್ತಿದ್ದಾಗ ಅವನೂ ಎದ್ದು ಚಪ್ಪಾಳೆ ತಟ್ಟಿದ.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ. "ಗುರೂಜಿ, ಸುನೀತಾಗೆ ಏನಂತ ಹೇಳಲಿ?"

"ನನ್ನ ತಪ್ಪು ಅಂತ ಹೇಳು."

"ನಂಬೋದಿಲ್ಲ. ನಿಮಗೆ ತಪ್ಪು ಆಗೋದಿಲ್ಲ ಅಂತ ನಾನೇ ದಿನಾ ಹೇಳಿಟ್ಟಿದ್ದೀನಿ."

ಉಳಿದಿದ್ದದ್ದು ಫೈನಲ್ ಒಂದೇ.

ಮರುದಿನ ಬೆಳಿಗ್ಗೆ ಮಲ್ಹೋತ್ರಾ ಕರೆಸಿದರು. "ನಿನ್ನೆ ಅವನಿಲ್ಲದೆ ಗೆದ್ದಿರಿ. ಇವತ್ತೂ ಹಾಗೇ ಆಡಿ. ನೌಕರಿ ಕೊಡಿಸೋದಕ್ಕೆ ಫೈನಲ್ ಬೇಡ ಶೆಟ್ಟಿ ಜೀ."

ಜೈವೀರ್ ಕೂಡ ಹೆಚ್ಚು ಕೇಳಲಿಲ್ಲ. ಆ ದಿನ ಚೀಲದಲ್ಲಿ ನೀಲಿ ಜೆರ್ಸಿಯನ್ನೂ ತಂದಿದ್ದ. "ನನ್ನನ್ನ ನೀಲಿ ಜೆರ್ಸಿ ಆಟಗಾರ ಅಂತ ಬರೀರಿ ಗುರೂಜಿ. ಒಂದು ಪಾಯಿಂಟ್ ಒಳಗೆ ಕಳಿಸಿ, ತೆಗೆದುಬಿಡಿ. ನನಗೆ ಅಷ್ಟು ಸಾಕು. ಮಲ್ಹೋತ್ರಾ ಸಾಬ್‌ಗೂ ಸಿಟ್ಟು ಬರೋದಿಲ್ಲ."

ಅವನ ಮಾತು ಕೇಳಿದ್ದರೆ ಎಲ್ಲ ಸುಲಭವಾಗುತ್ತಿತ್ತು. ನಾನು ಕೇಳಲಿಲ್ಲ. ಎದುರಾಳಿಗಳ ಸರ್ವ್ ಭಾರಿಯಾಗಿತ್ತು, ಅದನ್ನು ತೆಗೆಯಬಲ್ಲವನು ನಮ್ಮಲ್ಲಿ ಅವನೇ ಎಂದು ಗೆರೆಗಳು ಹೇಳುತ್ತಿದ್ದವು. ಅದು ನಿಜವಾದ ಕಾರಣ. ಇನ್ನೊಂದೂ ಇತ್ತು. ಆ ಲಿಬೆರೊ ನಾನು ಕೈಯಾರೆ ಮಾಡಿದ ಆಟಗಾರ, ಅವನನ್ನು ಲೋಕ ನೋಡಬೇಕು ಎಂಬ ಹಂಬಲ.

"ಭಿಕ್ಷೆಯ ಪಾಯಿಂಟ್ ಬೇಡ. ಪೂರ್ತಿ ಆಡು," ಎಂದೆ. ಏಳನೆಯ ಚೌಕದಲ್ಲಿ ಅವನ ನಂಬರನ್ನು ಮೊದಲು ಬರೆದು, ಆಮೇಲೆ ಉಳಿದ ಆರನ್ನು ತುಂಬಿದೆ.

ಐದು ಸೆಟ್ ಆಯಿತು. ಐದರಲ್ಲೂ ಜೈವೀರ್ ಆಡಿದ. ಅಷ್ಟು ಎತ್ತರದ ದೇಹವನ್ನು ನೆಲಕ್ಕೆ ಅಷ್ಟು ಹತ್ತಿರ ತಂದು ಚೆಂಡಿನ ಅಡಿಗೆ ಕೈ ತೂರಿಸುವುದನ್ನು ನೋಡಿ ಎದುರು ತಂಡದ ಕಡೆಯವರೂ "ವಾಹ್" ಎಂದರು. ಕೊನೆಯ ಸೆಟ್ಟಿನಲ್ಲಿ ಎದುರಾಳಿ ಒಂದು ಪಾಯಿಂಟ್ ಮುಂದಿದ್ದಾಗ, ಪಂದ್ಯ ಮುಗಿಸುವ ಸರ್ವ್ ನೇರ ಅವನ ಮೇಲೆ ಬಂತು. ಒಂದು ಹೆಜ್ಜೆ ಎಡಕ್ಕೆ ಇಡಬೇಕಿತ್ತು. ಬಲಗಾಲು ತಳ್ಳಲಿಲ್ಲ. ಚೆಂಡು ಮುಂಗೈಗೆ ತಾಗಿ ಪ್ರೇಕ್ಷಕರ ಸಾಲಿಗೆ ಹೋಯಿತು. ಸೋತೆವು.

ಅವನು ಆ ದಿನ ತೆಗೆದ ಚೆಂಡುಗಳಲ್ಲಿ ಕೆಡಿಸಿದವು ಬೆರಳೆಣಿಕೆಯಷ್ಟು. ಆದರೆ ಕೊನೆಯದನ್ನು ಎಲ್ಲರೂ ನೋಡಿದರು. ಬೇರೆ ಲಿಬೆರೊ ಇದ್ದಿದ್ದರೆ ಗೆಲ್ಲುತ್ತಿದ್ದೆವೇ? ಗೊತ್ತಿಲ್ಲ. ಗೊತ್ತು ಎನ್ನುವವರನ್ನು ನಾನು ನಂಬುವುದಿಲ್ಲ.

"ಸೋತರೂ ನಿನ್ನ ಕೆಲಸ ಆಯಿತು," ಎಂದು ಅವನ ಬೆನ್ನು ತಟ್ಟಿ, ಎರಡು ದಿನದ ಮೇಲೆ ಸ್ಕೋರ್‌ಶೀಟಿನ ಪ್ರತಿ ಹಿಡಿದು ಸಿಬ್ಬಂದಿ ವಿಭಾಗಕ್ಕೆ ಹೋದೆ. ಅಲ್ಲಿನ ಅಧಿಕಾರಿ ಶೈಲಜಾ ಮೈಸೂರಿನವರು. ಕಿದ್ವಾಯಿ ನಗರದ ಕ್ವಾರ್ಟರ್ಸ್‌ನಲ್ಲಿದ್ದಾಗ ನಮಗೆ ನೆರೆಯವರು. ಹಾಳೆಯನ್ನು ಮೇಲಿಂದ ಕೆಳಗೆ ಓದಿದರು, ಮತ್ತೆ ಕೆಳಗಿನಿಂದ ಮೇಲೆ.

"ಶೆಟ್ಟರೇ, ಇದರಲ್ಲಿ ಇವನು ಆಡಿದ್ದು ಎಲ್ಲಿದೆ?"

"ಅಲ್ಲೇ, ಹೆಸರಿದೆಯಲ್ಲ. ಲಿಬೆರೊ ಅಂತ."

"ಹೆಸರು ತಂಡದ ಪಟ್ಟಿಯಲ್ಲಿದೆ. ಹನ್ನೆರಡು ಜನರ ಹೆಸರೂ ಇದೆ. ಅಂಕಣಕ್ಕೆ ಇಳಿದವರ ನಂಬರ್ ಇಲ್ಲಿ ಕೆಳಗೆ ಸೆಟ್ ಪ್ರಕಾರ ಬರೆದಿದ್ದಾರೆ. ಐದು ಸೆಟ್ಟಲ್ಲಿ ಎಲ್ಲೂ ಇವನ ನಂಬರ್ ಇಲ್ಲ. ಹಿಂದೆ ಕೆಲವು ಮ್ಯಾನೇಜರ್‌ಗಳು ಭಾವ ಮೈದುನರ ಹೆಸರನ್ನೆಲ್ಲ ಪಟ್ಟಿಗೆ ಸೇರಿಸಿ ನೌಕರಿ ಕೊಡಿಸಿದ್ದಕ್ಕೇ ಈ ಷರತ್ತು ಮಾಡಿರೋದು. ಪಟ್ಟಿಯ ಹೆಸರು ಸಾಲದು."

ಹಾಳೆಯನ್ನು ನಾನೇ ತೆಗೆದುಕೊಂಡು ನೋಡಿದೆ. ಲಿಬೆರೊ ಒಳಗೆ ಹೋಗಿ ಬರುವುದು ಬದಲಿ ಎಂದು ಲೆಕ್ಕವಾಗುವುದಿಲ್ಲ, ಹಾಗಾಗಿ ಸ್ಕೋರರ್ ಅದನ್ನು ಎಲ್ಲೂ ಬರೆಯುವುದಿಲ್ಲ. ನಿಯಮ ಓದಿದ್ದೆ. ಅದರ ಅರ್ಥ ಇದು ಎಂದು ಯೋಚಿಸಿರಲಿಲ್ಲ. ಅವನು ಪಾಯಿಂಟ್ ಹೊಡೆಯುವುದಿಲ್ಲ, ಸರ್ವ್ ಮಾಡುವುದಿಲ್ಲ, ಬದಲಿ ಆಟಗಾರರ ಚೌಕದಲ್ಲಿ ಬರುವುದಿಲ್ಲ. ಅವನು ಕೇಳಿದ್ದಂತೆ ನೀಲಿ ಜೆರ್ಸಿಯಲ್ಲಿ ಒಂದೇ ಪಾಯಿಂಟ್ ನಿಲ್ಲಿಸಿದ್ದರೆ ನಂಬರ್ ಬೀಳುತ್ತಿತ್ತು. ನಾನು ಐದು ಸೆಟ್ ಆಡಿಸಿ ಅವನ ಆಟದ ಗುರುತೇ ಕಾಗದದಲ್ಲಿ ಉಳಿಯದಂತೆ ಮಾಡಿದ್ದೆ.

ಮುಂದಿನ ಹತ್ತು ದಿನ ಸಾಕ್ಷಿ ಹುಡುಕಿದೆ. ಟೂರ್ನಿಯ ಸಂಘಟಕರು, "ಸ್ಕೋರ್‌ಶೀಟ್ ಬಿಟ್ಟು ನಮ್ಮಲ್ಲಿ ಬೇರೆ ದಾಖಲೆ ಇಲ್ಲ," ಎಂದರು. ರೆಫರಿಗಳು ಹೊರರಾಜ್ಯದವರು, ಹೊರಟುಹೋಗಿದ್ದರು. ಪತ್ರ ಬರೆದೆ, ಉತ್ತರ ಬರಲಿಲ್ಲ. ಪತ್ರಿಕೆಗಳು ಫಲಿತಾಂಶವನ್ನಷ್ಟೇ ಹಾಕಿದ್ದವು. ನನ್ನ ಡೈರಿ ತೋರಿಸಿದಾಗ ಶೈಲಜಾ ಬೇಸರದಿಂದಲೇ, "ನಿಮ್ಮದೇ ಆಟಗಾರ, ನಿಮ್ಮದೇ ಕೈಬರಹ. ಆಡಿಟ್‌ನವರು ಒಪ್ಪುತ್ತಾರಾ? ಕ್ರೀಡಾ ಅಧಿಕಾರಿ ಕಣ್ಣಾರೆ ನೋಡಿದೆ ಅಂತ ಬರೆದುಕೊಟ್ಟರೆ ಆಗುತ್ತದೆ," ಎಂದರು.

ಮಲ್ಹೋತ್ರಾ ಅವರಲ್ಲಿಗೆ ಹೋದೆ. ಪೂರ್ತಿ ಹೇಳಲೂ ಬಿಡಲಿಲ್ಲ. "ಫೈನಲ್ ಸೋಲಿಸಿದವನಿಗೆ ನಾನು ಸರ್ಟಿಫಿಕೇಟ್ ಕೊಡಬೇಕಾ? ಮೇಲಿನವರು ನನ್ನನ್ನು ಕೇಳ್ತಿದ್ದಾರೆ. ನಿಮಗೂ ಕಾಗದ ಬರುತ್ತೆ, ಹೋಗಿ."

ಬಂತು. ಒಂದು ಪುಟದ ಮೆಮೊ, ಏಳು ದಿನದಲ್ಲಿ ಉತ್ತರ ಕೊಡಬೇಕು. ಮೊಣಕಾಲು ಸರಿಯಿಲ್ಲದ ಜೈವೀರನನ್ನು, ಕ್ರೀಡಾ ಅಧಿಕಾರಿ ಬೇಡವೆಂದು ಎಚ್ಚರಿಸಿದ ಮೇಲೂ, ಫೈನಲಿನ ಐದೂ ಸೆಟ್‌ಗಳಲ್ಲಿ ಅಂಕಣದಲ್ಲಿ ಆಡಿಸಿದ್ದೇಕೆ, ತಂಡದ ಸೋಲಿಗೆ ನಿಮ್ಮನ್ನು ಏಕೆ ಹೊಣೆ ಮಾಡಬಾರದು ಎಂದು ಅದರಲ್ಲಿ ಕೇಳಿದ್ದರು. ಕೆಳಗೆ ಮಲ್ಹೋತ್ರಾ ಅವರ ಸಹಿ, ಮೊಹರು.

ಸಿಟ್ಟಿನಲ್ಲಿ ಎರಡು ಪುಟದ ಉತ್ತರ ಬರೆದೆ. ಗೆರೆಗಳ ಲೆಕ್ಕವೆಲ್ಲ ಹಾಕಿ, ಸೋಲಿಗೆ ಕಾರಣ ನಮ್ಮ ಹೊಡೆತಗಾರರು ಎಂದು ಸಾಧಿಸಿದೆ. ಒಳ್ಳೆಯ ಉತ್ತರವೇ. ಕೊಡುವ ಮುಂಚೆ ಶೈಲಜಾ ಅವರಿಗೆ ತೋರಿಸಲು ಹೋದೆ. ಅವರು ನನ್ನ ಉತ್ತರವನ್ನು ಬದಿಗಿಟ್ಟು ಮೆಮೊವನ್ನೇ ಓದಿದರು. ಓದಿ, ಕನ್ನಡಕ ತೆಗೆದು ನಕ್ಕರು.

"ಶೆಟ್ಟರೇ, ನಿಮ್ಮ ಹತ್ತಿರ ಸರ್ಟಿಫಿಕೇಟ್ ಇದೆಯಲ್ಲ. 'ಐದೂ ಸೆಟ್‌ಗಳಲ್ಲಿ ಅಂಕಣದಲ್ಲಿ ಆಡಿಸಿದ್ದೇಕೆ'. ಕ್ರೀಡಾ ಅಧಿಕಾರಿಯ ಸಹಿ ಇದೆ, ಮೊಹರು ಇದೆ. ಇದಕ್ಕಿಂತ ಇನ್ನೇನು ಬೇಕು?"

"ಇದು ಆರೋಪ ಪತ್ರ ಮೇಡಂ."

"ಆರೋಪ ನಿಜ ಅಂತ ನೀವು ಬರೆದುಕೊಟ್ಟರೆ ದಾಖಲೆ ಆಗುತ್ತೆ. ಈ ಎರಡು ಪುಟದ ವಾದ ಕೊಟ್ಟರೆ ತಕರಾರು ಆಗುತ್ತೆ. ತಕರಾರಿನ ಕಾಗದ ಅವನ ನೌಕರಿಯ ಫೈಲಿಗೆ ಹಾಕೋಕ್ಕಾಗಲ್ಲ." ಆಮೇಲೆ ನಗು ನಿಲ್ಲಿಸಿ ಹೇಳಿದರು: "ಒಪ್ಪಿಕೊಂಡರೆ ನಿಮ್ಮನ್ನು ಆ ಜಾಗದಲ್ಲಿ ಇಡೋದಿಲ್ಲ. ಯೋಚನೆ ಮಾಡಿ."

"ಮೊಣಕಾಲು ಸರಿಯಿಲ್ಲ ಅಂತಾನೂ ಇದೆ. ಅವನಿಗೆ ತೊಂದರೆ ಆಗೋದಿಲ್ಲವಾ?"

"ಗುಮಾಸ್ತ ಹಾರಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ."

ಮ್ಯಾನೇಜರಿಕೆ ಬಿಡುವುದು ನನಗೆ ಸುಲಭವಾಗಿರಲಿಲ್ಲ, ಆದರೆ ಅದು ನನ್ನದು. ಇನ್ನೊಂದು ವಿಷಯ ನನ್ನದಲ್ಲ. ಆ ಕಾಗದ ಫೈಲಿಗೆ ಸೇರಿದರೆ ಜೈವೀರ್ ನಿವೃತ್ತನಾಗುವವರೆಗೂ ಅಲ್ಲೇ ಇರುತ್ತದೆ, ಇವನಿಂದ ತಂಡ ಸೋತಿತು ಎಂದು ಹೇಳುತ್ತ. ಆ ದಿನ ಸಂಜೆ ಅವನನ್ನು ಮೈದಾನಕ್ಕೆ ಕರೆದು, ಮೆಮೊದ ಇಂಗ್ಲಿಷನ್ನು ಸಾಲು ಸಾಲಾಗಿ ಹಿಂದಿಯಲ್ಲಿ ಹೇಳಿದೆ. ಯಾವ ಮಾತನ್ನೂ ಮೆತ್ತಗೆ ಮಾಡಲಿಲ್ಲ.

ಕೇಳಿದ. ಮುಖ ಕೆಂಪಾಯಿತು. "ನನ್ನಿಂದ ಸೋತರು ಅಂತ ಬರೆದಿದ್ದಾರೆ."

"ಹೌದು."

"ನೀವು ಅದನ್ನ ಹೌದು ಅಂತೀರಾ?"

"ನೀನು ಐದು ಸೆಟ್ ಆಡಿದ್ದು ಹೌದು ಅಂತೀನಿ. ಆಡಿಸಿದ್ದು ನನ್ನ ನಿರ್ಧಾರ ಅಂತೀನಿ. ಬೇರೆ ಏನೂ ಬರೆಯೋದಿಲ್ಲ. ಆದರೆ ನೀನು ಬೇಡ ಅಂದರೆ ಹಾಕೋದಿಲ್ಲ."

ಬಲೆ ಕಟ್ಟುವ ಕಂಬಕ್ಕೆ ಒರಗಿದ. "ಐದೂ ಸೆಟ್ ಅಂತ ಇದೆ ತಾನೇ? ನಾಲ್ಕು ಅಂತ ಬರೆದಿಲ್ಲವಲ್ಲ?"

"ಐದೂ ಅಂತಲೇ ಇದೆ."

"ಹಾಕಿ."

ನನ್ನ ಉತ್ತರ ಮೂರು ಸಾಲಿನದಾಯಿತು. ಫೈಲ್ ಕೊನೆಯ ಸಹಿಗೆ ಮಲ್ಹೋತ್ರಾ ಅವರ ಮೇಜಿಗೇ ಹೋಗಬೇಕಿತ್ತು. ನನ್ನನ್ನು ಕರೆಸಿದಾಗ ಅದು ಅವರ ಮುಂದೆ ತೆರೆದಿತ್ತು.

"ಶೆಟ್ಟಿ ಜೀ, ನನ್ನ ಕಾಗದವನ್ನು ನನ್ನ ಮುಖಕ್ಕೇ ಎಸೆದಿರಾ?"

"ಎಸೆದಿಲ್ಲ ಸಾಬ್. ಲಗತ್ತಿಸಿದ್ದೇನೆ."

ನನ್ನನ್ನು ದಿಟ್ಟಿಸಿ ನೋಡಿದರು. "ಅವನು ಐದು ಸೆಟ್ ಆಡಿದ್ದನ್ನು ನಾನು ನೋಡಿಲ್ಲ ಅಂತ ಹೇಳಕ್ಕಾಗತ್ತಾ? ಮೂರನೆಯ ಸೆಟ್ಟಲ್ಲಿ ನಾನೇ ಎದ್ದು ಚಪ್ಪಾಳೆ ತಟ್ಟಿದ್ದೆ." ಸಹಿ ಹಾಕಿದರು. ಪೆನ್ನು ಮುಚ್ಚುತ್ತ ತಗ್ಗಿದ ದನಿಯಲ್ಲಿ, "ಆದರೆ ನಿಮ್ಮನ್ನು ಉಳಿಸಿಕೊಳ್ಳೋಕೆ ನನ್ನಿಂದ ಆಗಲ್ಲ," ಎಂದರು. ಆಗುವುದಿಲ್ಲವೆಂದು ನನಗೂ ಗೊತ್ತಿತ್ತು.

ಎರಡೂ ಆದೇಶ ಒಂದೇ ವಾರ ಬಂದವು. ಜೈವೀರ್ ಕಾಯಂ ಆದ. ನನ್ನನ್ನು ತಂಡದಿಂದ ಬಿಡಿಸಿ ರವಾನೆ ವಿಭಾಗಕ್ಕೆ ಹಾಕಿದರು. ನಿವೃತ್ತಿಯವರೆಗೆ ನಾನು ಅಲ್ಲೇ ಇದ್ದೆ. ಮತ್ತೆ ಯಾವ ತಂಡದ ಚೀಟಿಗೂ ಸಹಿ ಹಾಕಲಿಲ್ಲ.

ಆದೇಶ ಕೈಗೆ ಬಂದ ದಿನ ಜೈವೀರ್ ಸುನೀತಾಳನ್ನೂ ಮಗಳನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಿದ್ದ. ಚಹಾ ಆಯಿತು. ಹೊರಡುವಾಗ ಚಪ್ಪಲಿ ಮೆಟ್ಟುತ್ತ, ಸಂಕೋಚದಿಂದ ಕೇಳಿದ: "ಗುರೂಜಿ, ಆ ಮೆಮೊದ ಫೋಟೊಕಾಪಿ ನನಗೊಂದು ಬೇಕು."

"ಅದು ಯಾಕೆ ನಿನಗೆ? ನೌಕರಿ ಆದೇಶದ ಕಾಪಿ ಇಟ್ಟುಕೋ."

"ಅದರಲ್ಲಿ ನೌಕರಿ ಸಿಕ್ತು ಅಂತ ಮಾತ್ರ ಇದೆ. ಇವಳು ದೊಡ್ಡವಳಾದ ಮೇಲೆ ತೋರಿಸಬೇಕು," ಎಂದು ಮಗಳನ್ನು ಎತ್ತಿಕೊಂಡ. "ನಾನು ಫೈನಲ್ ಆಡಿದ್ದೆ ಅಂತ ಬರೆದಿರೋ ಕಾಗದ ಅದೊಂದೇ."